ಮಾಳಮ್ಮನ ಹಿಡಿಜೋಳ

ಕೂಡ್ಲಿಗಿಯ ಹೆಣ್ಣುಮಕ್ಕಳ ಉಚಿತ ಹಾಸ್ಟೆಲಿಗೆ ಮನೆಮನೆಯಿಂದ ಜೋಳ ಎತ್ತುತ್ತಿದ್ದವಳು ಕೊಟ್ರಬಸಮ್ಮ. ಎಪ್ಪತ್ತೆಂಟನೇ ಇಸವಿಯ ಮಾತು. ಸರ್ಕಾರದ ನೆರವಿರಲಿಲ್ಲ, ಮೂವತ್ತು ಹುಡುಗಿಯರ ಹೊಟ್ಟೆ ಮಾತ್ರ ದಿನಕ್ಕೆರಡು ಸಲ ತಪ್ಪದೆ ಹಸಿಯುತ್ತಿತ್ತು. ಗಂಡ ತೀರಿಕೊಂಡ ಮೇಲೆ ಮೂಲೆಯಲ್ಲಿ ಕೂತು ಅಳುವುದು ಬೇಸರವಾಗಿ ಈ ಕೆಲಸ ಹಿಡಿದ ಈಕೆ, ಕಮಿಟಿಯ ಗಂಡಸರು ವರ್ಷವಿಡೀ ಸಭೆ ಮಾಡಿ ತರಲಾಗದ್ದನ್ನು ಮೂರು ತಿಂಗಳಲ್ಲಿ ತಂದಳು.

ಅವಳ ಪದ್ಧತಿಯೇ ಬೇರೆ. ಮನೆಗೊಂದು ಮಣ್ಣಿನ ಕುಡಿಕೆ ಕೊಡುವಳು. ಜೋಳ ಗಿರಣಿಗೆ ಹೋಗುವ ಮೊದಲು ಮನೆಯಾಕೆ ಅದರಲ್ಲಿ ಒಂದು ಹಿಡಿ ಹಾಕಬೇಕು. ದಿನಕ್ಕೆ ಹತ್ತೇ ಮನೆ. ಹನ್ನೊಂದನೆಯವರು ಕರೆದರೂ ನಾಳೆ. ಒಲೆ ಹೊತ್ತಿಸುವ ವೇಳೆಗೆ ಹೋಗಬಾರದು. ಕುಡಿಕೆ ಖಾಲಿಯಿದ್ದರೆ ಮುಖ ಸಣ್ಣ ಮಾಡದೆ ಮಕ್ಕಳ ಕೆಮ್ಮು ನೆಗಡಿ ವಿಚಾರಿಸಿ ಎದ್ದು ಬರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಭಾನುವಾರ ಊಟಕ್ಕೆ ಮುಂಚೆ ಯಾರ ಮನೆಯ ಜೋಳದ ರೊಟ್ಟಿಯೆಂದು ಹುಡುಗಿಯರಿಗೆ ಹೆಸರು ಓದಿ ಹೇಳುವುದು. ಈ ಸುದ್ದಿ ಹಬ್ಬಿದ ಮೇಲೆ ಜಿಪುಣಿಯರ ಕುಡಿಕೆಯೂ ತುಂಬತೊಡಗಿತು.

ಕೂಡ್ಲಿಗಿಯಲ್ಲಾಗಲಿ ಸುತ್ತಲ ಹಳ್ಳಿಗಳಲ್ಲಾಗಲಿ ಹರಿಜನ ಕೇರಿಗೆ ಮಾತ್ರ ಅವಳು ಕುಡಿಕೆ ಕೊಟ್ಟಿರಲಿಲ್ಲ. ಹಾಸ್ಟೆಲಿನಲ್ಲಿ ಎಲ್ಲ ಜಾತಿಯ ಹುಡುಗಿಯರೂ ಒಂದೇ ಸಾಲಿನಲ್ಲಿ ಉಣ್ಣುತ್ತಿದ್ದರು, ಕಮಿಟಿಯವರು ಅದನ್ನು ಭಾಷಣದಲ್ಲಿ ಹೇಳಿಕೊಳ್ಳುತ್ತಲೂ ಇದ್ದರು. ಆದರೂ ಕೂಲಿನಾಲಿ ಮಾಡುವವರನ್ನು ಏನು ಕೇಳುವುದು ಎಂದು ತನಗೆ ತಾನೇ ಹೇಳಿಕೊಂಡು, ಅದನ್ನು ಕರುಣೆಯೆಂದೇ ನಂಬಿದ್ದಳು.

ಒಂದು ಮಂಗಳವಾರ ಹಳ್ಳಿಯ ಸರದಿ ಮುಗಿಸಿ ಬಸ್ಸಿಗೆ ಕಾಯುತ್ತಿದ್ದಾಗ ಮಾಳಮ್ಮ ಗಡಿಗೆ ಹೊತ್ತು ಬಂದಳು. ರಸ್ತೆಗೆ ಜಲ್ಲಿ ಹೊಡೆಯುವ, ಆ ಹಳ್ಳಿಯ ಹರಿಜನ ಕೇರಿಯ ಹೆಂಗಸು. ಅವಳ ಮಗಳು ಹಂಪಮ್ಮ ಹಾಸ್ಟೆಲಿನಲ್ಲಿದ್ದು ಆರನೇ ಕ್ಲಾಸು ಓದುತ್ತಿದ್ದಳು.

“ನಮಗ್ಯಾಕ ಕುಡಿಕಿ ಕೊಡ್ಲಿಲ್ರಿ ಅಮ್ಮಾರ? ಕಾದು ಕಾದು ನಾನಾ ಗಡಿಗಿ ಇಟ್ಟೆ. ಒಂದು ವರ್ಸದಿಂದ ಹಿಡಿ ಹಿಡಿ ಹಾಕೀನಿ.”

“ನಿನಗ್ಯಾಕ ತ್ರಾಸು ಅಂತ ಬಿಟ್ಟೆ ಮಾಳಮ್ಮ.”

“ನನ್ನ ಮಗಳೂ ಅಲ್ಲೇ ಉಣ್ತಾಳಲ್ರಿ. ನಮ್ಮ ಹೆಸರೂ ಓದ್ರಿ. ಕೂಸು ಆಸಿ ಇಟ್ಕಂಡೈತಿ.”

ಕೊಟ್ರಬಸಮ್ಮ ಜೋಳ ಸುರುವಿಕೊಂಡಳು. ದೊಡ್ಡ ಮೂಟೆಗಲ್ಲ, ಬೇರೊಂದು ಕೈಚೀಲಕ್ಕೆ. ಬಸ್ಸಿನಲ್ಲಿ ಕೂತ ಮೇಲೆ ತಿಪ್ಪೇರುದ್ರಮ್ಮನ ಮಾತು ನೆನಪಾಯಿತು. ಕೂಡ್ಲಿಗಿಯಲ್ಲಿ ಎಲ್ಲರಿಗಿಂತ ಹೆಚ್ಚು ಜೋಳ ಕೊಡುತ್ತಿದ್ದ ಆ ದೊಡ್ಡ ಮನೆಯಾಕೆ ಮೊದಲ ದಿನವೇ ಹೇಳಿದ್ದಳು: “ನಮ್ಮ ಜ್ವಾಳ ಯಾರ್ಯಾರ ಜ್ವಾಳದಾಗ ಕೂಡತೈತಿ? ನೋಡ್ಕ್ಯಂಡು ಎತ್ತವ್ವ.” ಮಾಳಮ್ಮನ ಹೆಸರು ಓದಿದರೆ ಸಂಜೆಯೊಳಗೆ ಅಲ್ಲಿಗೆ ಮುಟ್ಟುತ್ತದೆ. ಆ ಮನೆ ಕೈಬಿಟ್ಟರೆ ಇನ್ನೂ ಹತ್ತು ಮನೆ ಕೈಬಿಡುತ್ತವೆ. ಕೈಚೀಲ ಅವಳ ಮಂಚದ ಕೆಳಗೆ ಸೇರಿತು.

ಮುಂದಿನ ಐದು ಭಾನುವಾರವೂ ಹಂಪಮ್ಮ ಸಾಲಿನ ಮೊದಲಿಗೇ ಕೂತಳು. ಹೆಸರುಗಳು ಮುಗಿದ ಮೇಲೆ ತಲೆ ತಗ್ಗಿಸಿ ರೊಟ್ಟಿ ಮುರಿಯುವಳು. ಐದನೆಯ ವಾರ ತಡೆಯದೆ ಕೇಳಿಯೇ ಬಿಟ್ಟಳು.

“ನಮ್ಮವ್ವನ ಜ್ವಾಳ ಇನ್ನಾ ಬೀಸಿಲ್ಲೇನ್ರಿ ಅಮ್ಮಾರ?”

“ಈ ವಾರ ಬೀಸ್ತಾರವ್ವ,” ಎಂದಳು ಕೊಟ್ರಬಸಮ್ಮ.

ಮನೆಗೆ ಬಂದು ಚೀಲ ಬಿಚ್ಚಿದರೆ ಜೋಳಕ್ಕೆ ಹುಳ ಬಿದ್ದಿತ್ತು. ಮುಟ್ಟಿದರೆ ಪುಡಿ, ಬರೀ ಹೊಟ್ಟು. ಒಬ್ಬ ತಾಯಿ ವರ್ಷವಿಡೀ ತನ್ನ ರೊಟ್ಟಿ ಸಣ್ಣದು ಮಾಡಿಕೊಂಡು ಉಳಿಸಿದ್ದನ್ನು ತಿಪ್ಪೆಗೆ ಸುರಿದು ಬರುವಾಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಮಾಳಮ್ಮನ ಮನೆಗೆ ಹೋಗಿ ನಿಜ ಹೇಳಬೇಕು ಅಂದುಕೊಂಡಳು. ಹೋಗಲಿಲ್ಲ, ನಾಚಿಕೆ ಕಾಲು ಕಟ್ಟಿತು.

ಆದದ್ದಾಗಲಿ ಎಂದು ಮರುವಾರ ಓದಿಯೇ ಬಿಟ್ಟಳು: “ಮಾಳಮ್ಮ.” ಹಂಪಮ್ಮನ ಮುಖ ಅರಳಿತು. ಬಡಿಸಿದ ರೊಟ್ಟಿಯನ್ನು ಎರಡು ಮಾಡಿ ಅರ್ಧ ಹಿಡಿದು ಎದ್ದು ಬಂದಳು.

“ನಮ್ಮವ್ವನ ಜ್ವಾಳ್ರಿ. ನೀವೂ ತಿನ್ರಿ ಅಮ್ಮಾರ.”

ಉಳಿದ ಹುಡುಗಿಯರೆಲ್ಲ ಉಣ್ಣುವುದನ್ನು ಬಿಟ್ಟು ನೋಡಿದರು. ಕೊಟ್ರಬಸಮ್ಮ ಆ ರೊಟ್ಟಿ ಇಸಿದುಕೊಂಡು, ಎಲ್ಲರೆದುರೂ ಪೂರ್ತಿ ತಿಂದಳು.

“ಎಂಥಾ ದೊಡ್ಡ ಮನಸು ನೋಡ್ರೇ!” ಎಂದಳು ಹಿರಿಯ ಹುಡುಗಿಯೊಬ್ಬಳು.

ಕೊಟ್ರಬಸಮ್ಮ ತಲೆ ಎತ್ತಲಿಲ್ಲ. ತಾನು ತಿಂದದ್ದು ಆ ವಾರ ಬೀಸಿದ್ದ ತಿಪ್ಪೇರುದ್ರಮ್ಮನ ಮನೆಯ ಜೋಳವೆಂದು ಅವಳಿಗೊಬ್ಬಳಿಗೇ ಗೊತ್ತಿತ್ತು.