ಮಾವನ ಫಿಯೆಟ್, ಅಳಿಯನ ಕೈಚಳಕ

ಬನಶಂಕರಿ ಎರಡನೇ ಹಂತದ ರಾಮಪ್ರಸಾದರು ಮೂವತ್ತೆಂಟು ವರ್ಷ ಒಂದು ಸರ್ಕಾರಿ ಕಾರ್ಖಾನೆಯ ಖರೀದಿ ವಿಭಾಗದಲ್ಲಿದ್ದು ನಿವೃತ್ತರಾದವರು. ಅಷ್ಟು ವರ್ಷದಲ್ಲಿ ಲಾರಿಗಟ್ಟಲೆ ಸ್ಕ್ರೂ ಕೊಂಡಿದ್ದರು; ಕೈಯಾರೆ ಒಂದನ್ನೂ ನೆಟ್ಟಗೆ ಬಿಗಿ ಮಾಡಿದವರಲ್ಲ. ಆದರೆ ಕೊಂಡವನಿಗೆ ತಿರುಗಿಸುವ ವಿದ್ಯೆ ತಾನಾಗಿಯೇ ಬಂದುಬಿಡುತ್ತದೆಂದು ಅವರ ನಂಬಿಕೆ. ಮನೆಯಲ್ಲಿ ಮಿಕ್ಸಿ ಕೆಟ್ಟರೆ ಬಿಚ್ಚುವವರು ಅವರು. ಬಿಚ್ಚಿದ ಮಿಕ್ಸಿಯನ್ನು ಕವರಿನಲ್ಲಿ ತುಂಬಿಕೊಂಡು ರಿಪೇರಿ ಅಂಗಡಿಗೆ ಹೋಗಿ, ಅಂಗಡಿಯವನ ನಗುವನ್ನು ಸಹಿಸಿಕೊಂಡು ಬರುವವಳು ಹೆಂಡತಿ ಕಾತ್ಯಾಯಿನಿ.

ಕಾತ್ಯಾಯಿನಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ತಪ್ಪು ಲೆಕ್ಕವನ್ನು ಗಟ್ಟಿ ದನಿಯಲ್ಲಿ ಓದಿ ಹೇಳುವವರನ್ನು ಮೂವತ್ತು ವರ್ಷ ದಿನಾ ನೋಡಿದ್ದಳು. ಅವರನ್ನಾದರೆ ಬೆಂಚಿನ ಮೇಲೆ ನಿಲ್ಲಿಸಬಹುದಿತ್ತು. ಗಂಡನನ್ನು ನಿಲ್ಲಿಸಲು ಅಷ್ಟು ಗಟ್ಟಿಯಾದ ಬೆಂಚು ಎಲ್ಲೂ ಇರಲಿಲ್ಲ.

ಮಿಕ್ಸಿಯವರೆಗೆ ಇದು ನಡೆಯಿತು. ಆಮೇಲೆ ಅವರ ಕೈಗೆ ಸಿಕ್ಕಿದ್ದು ಅವಳ ಅಪ್ಪನ ಕಾರು.

ಅಪ್ಪ ಬಸವನಗುಡಿಯಲ್ಲಿ ಹೋಮಿಯೋಪಥಿ ಡಾಕ್ಟರು. ಬೂದು ಬಣ್ಣದ ಹಳೇ ಫಿಯೆಟ್‌ನಲ್ಲಿ ರೋಗಿಗಳ ಮನೆಗೆ ಹೋಗುತ್ತಿದ್ದರು, ಅದರಲ್ಲೇ ಒಬ್ಬಳೇ ಮಗಳಿಗೆ ಡ್ರೈವಿಂಗ್ ಕಲಿಸಿದರು. ಹತ್ತೊಂಬತ್ತನೇ ವಯಸ್ಸಿನಲ್ಲಿ, ಸ್ಟೀರಿಂಗ್ ಪಕ್ಕದ ಗೇರು ಇನ್ನೂ ಕೈಗೆ ಹತ್ತದಿದ್ದಾಗ, ಅವಳು ಮೈದಾನದ ಅಂಚಿನ ಕಲ್ಲುಬೆಂಚಿಗೆ ಕಾರನ್ನು ಸವರಿಬಿಟ್ಟಳು. ಎಡಗಡೆಯ ಬಾಗಿಲಿನಲ್ಲಿ ರೊಟ್ಟಿಯಗಲದ ನೆಗ್ಗು ಬಿತ್ತು. ಅಪ್ಪ ಬೈಯಲಿಲ್ಲ, ನೆಗ್ಗನ್ನು ಎತ್ತಿಸಲೂ ಇಲ್ಲ. ಕೇಳಿದವರಿಗೆಲ್ಲ, "ಅದು ನನ್ನ ಮಗಳು ಪಾಸಾದ ಸರ್ಟಿಫಿಕೇಟು" ಅನ್ನುತ್ತಿದ್ದರು. ಕಣ್ಣು ಮಂಜಾದ ಮೇಲೆ ಕಾರನ್ನು ಅವಳ ಹೆಸರಿಗೇ ಮಾಡಿಸಿಕೊಟ್ಟರು. ಅವರು ಹೋದ ಮೇಲೆ ಫಿಯೆಟ್ ಹಗ್ಗ ಕಟ್ಟಿಸಿಕೊಂಡು ಬನಶಂಕರಿಗೆ ಬಂದು ಪೋರ್ಟಿಕೋದಲ್ಲಿ ನಿಂತಿತು.

ಅವಳಿಗೆ ಬೇಕಾಗಿದ್ದದ್ದು ಬಹಳ ಸಣ್ಣದು. ಕಾರು ಅಪ್ಪ ಬಿಟ್ಟುಹೋದ ಹಾಗೇ ಇರಬೇಕು. ಹೊಸ ಬ್ಯಾಟರಿ, ಹೊಸ ಟೈರು ಹಾಕಿಸಿ, ಒಂದು ಬೆಳಿಗ್ಗೆ ತಾನೇ ಸ್ಟೀರಿಂಗ್ ಹಿಡಿದು ಗಾಂಧಿ ಬಜಾರಿನವರೆಗೆ ಓಡಿಸಿಕೊಂಡು ಹೋಗಿ ಬರಬೇಕು. ಅವಳ ಗ್ರಹಚಾರಕ್ಕೆ ರಾಮಪ್ರಸಾದರು ರಿಟೈರಾದದ್ದೂ ಅದೇ ತಿಂಗಳು.

"ಮೆಕ್ಯಾನಿಕ್‌ಗಳೆಲ್ಲ ಕಳ್ಳರು ಕಣೇ. ನಾನೇ ರೆಸ್ಟೋರ್ ಮಾಡ್ತೀನಿ. ಮನೇಲೇ, ಬಜೆಟ್‌ನಲ್ಲಿ," ಅಂದರು.

"ಓಡೋಕೆ ಎಷ್ಟು ಬೇಕೋ ಅಷ್ಟು ಮಾಡ್ಸಿ ಸಾಕು ರೀ. ಅಪ್ಪನ ಕಾರು ಅಪ್ಪನ ಕಾರಿನ ಹಾಗೇ ಇರ್ಲಿ."

"ನಿಂಗೆ ಇದೆಲ್ಲ ಗೊತ್ತಾಗಲ್ಲ, ಸುಮ್ನಿರು. ನಿನಗೋಸ್ಕರಾನೇ ಮಾಡ್ತಿರೋದು."

ಹೀಗೆ ಅವಳಿಗೋಸ್ಕರ ನಡೆದ ಕೆಲಸ ಆರು ವರ್ಷ ಹಿಡಿಯಿತು.

ಮೊದಲು ಹೋದದ್ದು ಅಡುಗೆಮನೆ. ಇಡ್ಲಿ ತಟ್ಟೆಯ ಒಂದೊಂದು ಕುಳಿಯಲ್ಲಿ ಒಂದೊಂದು ಅಳತೆಯ ನಟ್ಟುಗಳು ಕೂತವು. ಉಪ್ಪಿನಕಾಯಿ ಭರಣಿಯಲ್ಲಿ ವಿನೆಗರ್ ಸುರಿದು ತುಕ್ಕು ಹಿಡಿದ ಬೋಲ್ಟುಗಳನ್ನು ನೆನೆಹಾಕಿದರು. ತುಳಸಿಕಟ್ಟೆಗೆ ಮೊಬೈಲ್ ಒರಗಿಸಿಟ್ಟು, ಯಾವುದೋ ದೇಶದ ಗಡ್ಡದ ಗಂಡಸೊಬ್ಬ ಕಲ್ಯಾಣಮಂಟಪದಷ್ಟು ದೊಡ್ಡ ಶೆಡ್ಡಿನಲ್ಲಿ ಕಾರು ಬಿಚ್ಚುವುದನ್ನು ನೋಡುತ್ತ ತಾವೂ ಬಿಚ್ಚಿದರು. ಆತ ಬಿಚ್ಚಿದ್ದನ್ನು ಮತ್ತೆ ಜೋಡಿಸುವ ಭಾಗವನ್ನು ಮಾತ್ರ ಇವರು ಪೂರ್ತಿ ನೋಡುತ್ತಿರಲಿಲ್ಲ, ಅಷ್ಟರಲ್ಲಿ ಊಟದ ಹೊತ್ತಾಗುತ್ತಿತ್ತು.

ಆಮೇಲೆ ಅಪ್ಪ ಹೋಗತೊಡಗಿದರು, ತುಂಡುತುಂಡಾಗಿ. ಸೀಟಿನ ಸ್ಪ್ರಿಂಗು ಸಡಿಲವಾಗಿದೆಯೆಂದು ಸೀಟು ಹೋಯಿತು. ಮಡಿವಾಳದ ಸೋಫಾ ಹೊಲಿಯುವವನು ಕೆಂಪು ರೆಕ್ಸಿನ್ನಿನ ಹೊಸ ಸೀಟು ಮಾಡಿಕೊಟ್ಟ. ಅದರಲ್ಲಿ ಕೂತರೆ ಯಾರಾದರೂ ಬಂದು ಕುತ್ತಿಗೆಗೆ ಬಟ್ಟೆ ಸುತ್ತಿ ಕ್ಷೌರಕ್ಕೆ ಶುರು ಮಾಡುತ್ತಾರೇನೋ ಅನ್ನಿಸುತ್ತಿತ್ತು. ಅಪ್ಪನ ಅಂಗೈ ಉಜ್ಜಿ ಉಜ್ಜಿ ನುಣುಪಾಗಿದ್ದ ಸ್ಟೀರಿಂಗ್ ಸೀಳಿದೆಯೆಂದು ಹೋಯಿತು, ಯಾವುದೋ ವ್ಯಾನಿನ ಕರೀ ಸ್ಟೀರಿಂಗ್ ಬಂತು. ಬೋಲ್ಟೊಂದನ್ನು ಬಲವಂತವಾಗಿ ತಿರುಗಿಸಿ ಎಂಜಿನ್ನಿನೊಳಗೇ ಮುರಿದರು. ಆ ತಪ್ಪನ್ನು ಎಂಜಿನ್ನಿನ ತಲೆಗೆ ಕಟ್ಟಿ ಗುಜರಿಯಿಂದ ಬೇರೆ ಎಂಜಿನ್ ತಂದರು. ಶನಿವಾರ ಶನಿವಾರ ಗುಜರಿಯವನ ಗೂಡ್ಸ್ ಆಟೋ ಮೈಕಿನಲ್ಲಿ ಕೂಗುತ್ತ ಬರುವುದು, ರಾಮಪ್ರಸಾದರು ಕಿತ್ತಿದ್ದನ್ನು ಹೊತ್ತುಕೊಂಡು ಬನಿಯನ್ನಿನಲ್ಲೇ ಗೇಟಿಗೆ ಓಡುವುದು.

"ಅದನ್ನಾದ್ರೂ ಇಟ್ಕೊಳ್ಳಿ ರೀ," ಎಂದು ಅವಳು ಪ್ರತಿ ಸಲವೂ ಕೇಳಿದಳು.

"ಹಳೇದೆಲ್ಲ ಇಟ್ಕೊಂಡ್ರೆ ಅದು ರೆಸ್ಟೋರೇಷನ್ ಅಲ್ಲ, ಮ್ಯೂಸಿಯಂ," ಎಂದು ಅವರು ಪ್ರತಿ ಸಲವೂ ಹೇಳಿದರು. ಈ ಮಾತು ಅವರಿಗೆ ಎಷ್ಟು ಹಿಡಿಸಿತ್ತೆಂದರೆ ಹಳೇ ಕಾರಿನವರ ವಾಟ್ಸಾಪ್ ಗುಂಪಿನಲ್ಲೂ ಹಾಕಿದ್ದರು. ಅಲ್ಲಿ ದಿನಾ ಬೆಳಿಗ್ಗೆ ಒಂದು ಫೋಟೋ, ಕೆಳಗೆ "ಎಲ್ಲಾ ನಾನೇ ಕೈಯಾರೆ ಮಾಡಿದ್ದು" ಎಂಬ ಒಂದೇ ಸಾಲು. ಕಾರನ್ನು ಕಣ್ಣಾರೆ ಕಾಣದ ಇನ್ನೂರು ಜನ "ಸಖತ್ ಸಾರ್" ಅನ್ನುತ್ತಿದ್ದರು. ಕಾರು ಯಾರದ್ದೆಂದು ಒಬ್ಬನೂ ಕೇಳಲಿಲ್ಲ, ಇವರೂ ಹೇಳಲಿಲ್ಲ.

ಕೊನೆಗೆ ಕಾತ್ಯಾಯಿನಿ ಒಂದೇ ಒಂದನ್ನು ಬೇಡಿಕೊಂಡಳು. ಎಡಗಡೆಯ ಬಾಗಿಲನ್ನು ಮುಟ್ಟಬೇಡಿ, ಆ ನೆಗ್ಗು ಹಾಗೇ ಇರಲಿ, ಬೇರೆ ಏನು ಬೇಕಾದರೂ ಮಾಡಿಕೊಳ್ಳಿ ಅಂದಳು. ರಾಮಪ್ರಸಾದರು ತಲೆಯಾಡಿಸಿದರು. ಆ ವಾರ ಅವಳು ಗೆಳತಿಯ ಮೊಮ್ಮಗಳ ನಾಮಕರಣಕ್ಕೆಂದು ಎರಡು ದಿನ ಮೈಸೂರಿಗೆ ಹೋಗಿಬಂದಳು. ಬಂದು ನೋಡಿದರೆ ಬಾಗಿಲಿಗೆ ಬೆರಳು ದಪ್ಪ ಪುಟ್ಟಿ ಬಳಿದು, ಉಜ್ಜಿ, ಕನ್ನಡಿಯಂತೆ ಮಾಡಿಟ್ಟಿದ್ದರು.

"ಹೇಗಿದೆ? ಅಲ್ಲಿ ನೆಗ್ಗಿತ್ತು ಅಂತ ಯಾವನೂ ಹೇಳಕ್ಕಾಗಲ್ಲ!"

ಅವಳು ಚೀಲವನ್ನು ಕೆಳಗಿಡದೆ ಬಾಗಿಲಿನ ಮೇಲೆ ಕೈಯಾಡಿಸಿದಳು. ನಿಜವಾಗಿಯೂ ಹೇಳಲಾಗುತ್ತಿರಲಿಲ್ಲ. ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಹೇಸಿಗೆ ಬಂತು. ಈ ಮನುಷ್ಯ ಬೇಕೆಂದೇ ಮಾಡಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಇವರು ಹೊಗಳಿಕೆಗೆ ಕಾಯುತ್ತ ನಿಂತಿದ್ದರು.

ಈ ಆರು ವರ್ಷದಲ್ಲಿ ಕೆಲಸ ಬಲ್ಲವನೊಬ್ಬ ಆ ಗೇಟಿನೊಳಗೆ ಬಂದದ್ದು ಮೂರೇ ದಿನ. ಬಿಟಿಎಂ ಬಡಾವಣೆಯಲ್ಲಿ ಬಾಡಿಗೆಗಿದ್ದ, ರಾಣೆಬೆನ್ನೂರು ಕಡೆಯ ಕರಿಬಸವಯ್ಯ, ಕಾರಿನ ತಗಡು ಬಡಿದು ಸರಿಮಾಡುವ ಟಿಂಕರ್. ತುಕ್ಕು ತಿಂದ ನೆಲಕ್ಕೆ ತಗಡು ಬೆಸೆಯಲು ಅವನನ್ನು ಕರೆಸಿದ್ದರು, ಬೆಸುಗೆಯ ವಿಡಿಯೋ ನೋಡಿ ಸ್ವತಃ ಹುಬ್ಬು ಸುಟ್ಟುಕೊಂಡ ಮೇಲೆ. ಅವನು ಬಾಗಿಲಿನ ಪುಟ್ಟಿಯನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಿದ. ಬಾನೆಟ್ ಎತ್ತಿದಾಗ ಮಾತ್ರ ಬಾಯಿಬಿಟ್ಟ. ಎಂಜಿನ್ನಿನ ಹಿಂದೆ ನಿಂತ ತಗಡಿನ ಗೋಡೆಯಲ್ಲಿ, ಬ್ಯಾಟರಿಯ ಆಸಿಡ್ ಸೋರಿ, ಅಂಗೈಯಗಲ ಜಾಗ ತುಕ್ಕು ಹಿಡಿದಿತ್ತು.

"ಸರ್, ಇದಕ್ಕ ಈಗ ಕೈ ಹಚ್ಚಬ್ಯಾಡ್ರಿ. ಮೊದ್ಲು ಆರ್‌ಟಿಒ ಕೆಲಸ ಮುಗಿಸ್ರಿ. ಆಮ್ಯಾಲ ನಾನ ಬಂದು ಮಾಡಿಕೊಡ್ತೀನ್ರಿ."

"ಯಾಕಯ್ಯಾ, ಇನ್ನೊಂದು ಸಲ ಬರೋಕೆ ಈಗಲೇ ದಾರಿ ಮಾಡ್ಕೋತಿದೀಯಾ?" ಅಂದರು ರಾಮಪ್ರಸಾದರು.

ಕರಿಬಸವಯ್ಯ ಒಳಬಾಗಿಲಲ್ಲಿ ನಿಂತಿದ್ದ ಕಾತ್ಯಾಯಿನಿಯ ಕಡೆ ತಿರುಗಿ, "ಬರ್ತೀನ್ರಿ ಅಕ್ಕಾರ" ಎಂದು ಸುತ್ತಿಗೆ ಎತ್ತಿಕೊಂಡು ಹೋದ. ದಿನಕ್ಕೆ ನಾಲ್ಕು ಸಲ ಟೀ ಕುಡಿಯುವವನು ಎಂಬುದು ಅವನ ಬಗ್ಗೆ ರಾಮಪ್ರಸಾದರ ಕೊನೆಯ ಅಭಿಪ್ರಾಯವಾಗಿತ್ತು. ಮರುದಿನವೇ ಕತ್ತರಿಸುವ ಯಂತ್ರವನ್ನು ಬಾಡಿಗೆಗೆ ತಂದು ಆ ತುಕ್ಕಿನ ತುಂಡನ್ನು ಕೊಯ್ದು ತೆಗೆದು, ಹಳೇ ಬೀರುವಿನ ತಗಡನ್ನು ಅಲ್ಲಿಗೆ ಕೂರಿಸಿದರು. ಶನಿವಾರ ಬಂತು, ಗೂಡ್ಸ್ ಆಟೋ ಬಂತು.

ಉಳಿದದ್ದು ಬಣ್ಣ. ಯಾರೋ ಕಲಸಲು ಹೇಳಿ ಒಯ್ಯದೇ ಬಿಟ್ಟ ಡಬ್ಬಿಯೊಂದು ಅಂಗಡಿಯಲ್ಲಿ ಅರ್ಧ ಬೆಲೆಗೆ ಸಿಕ್ಕಿದ್ದರಿಂದ, ಬೂದು ಬಣ್ಣದ ಫಿಯೆಟ್ ಕೇಸರಿಬಾತಿನ ಬಣ್ಣಕ್ಕೆ ತಿರುಗಿತು. ಪೋರ್ಟಿಕೋಗೆ ಹಳೇ ಬೆಡ್‌ಶೀಟ್ ಕಟ್ಟಿ ಗಾಳಿ ಬೀಸುವ ದಿನವೇ ಸಿಂಪಡಿಸಿದರು. ಪಕ್ಕದ ಮನೆಯ ಈಶ್ವರಮ್ಮ ಒಣಹಾಕಿದ್ದ ಬಿಳಿ ಸೀರೆಯನ್ನು ತಂದು ಕಾತ್ಯಾಯಿನಿಯ ಕೈಗಿಟ್ಟು, "ನಿಮ್ಮೆಜಮಾನ್ರು ನಂಗೂ ರೆಸ್ಟೋರ್ ಮಾಡ್ಕೊಟ್ಟಿದಾರೆ ನೋಡಿ" ಅಂದರು.

ಆರನೇ ವರ್ಷದ ಯುಗಾದಿ ಕಳೆದ ಮೇಲೆ ಕಾರು ಸ್ಟಾರ್ಟ್ ಆಯಿತು. ರಸ್ತೆಯ ತುಂಬ ಹೊಗೆ ಎದ್ದಿತು. ನೋಂದಣಿಯ ಅವಧಿ ಯಾವಾಗಲೋ ಮುಗಿದಿದ್ದರಿಂದ ಅದನ್ನು ಹೊಸದು ಮಾಡಿಸಬೇಕಿತ್ತು, ಅದಕ್ಕೆ ಆರ್‌ಸಿಯಲ್ಲಿ ಹೆಸರಿರುವವರು ಖುದ್ದಾಗಿ ಬರಬೇಕಿತ್ತು.

"ನಾನು ಓಡಿಸ್ತೀನಿ, ಆಫೀಸಿನವರೆಗಾದ್ರೂ," ಅಂದಳು ಕಾತ್ಯಾಯಿನಿ.

"ನೀನಾ? ಇದರ ಕ್ಲಚ್ ಬಹಳ ಸೂಕ್ಷ್ಮ. ನಂಗೆ ಮಾತ್ರ ಗೊತ್ತು ಅದರ ಮರ್ಮ. ಹಿಂದೆ ಕೂತ್ಕೋ, ಮುಂದೆ ಫೈಲು, ಟೂಲ್ಸು ಇಡ್ಬೇಕು."

ಹೀಗೆ ಮಾಲೀಕಳು ಹಿಂದಿನ ಸೀಟಿನಲ್ಲಿ, ಸ್ಪ್ಯಾನರುಗಳು ಮುಂದಿನ ಸೀಟಿನಲ್ಲಿ ಕೂತು ಹೊರಟವು. ದಾರಿಯಲ್ಲಿ ಕಾರು ಮೂರು ಸಲ ನಿಂತಿತು. ಕ್ಲಚ್ಚಿನ ಮರ್ಮ ಬಲ್ಲವರು ಮೂರು ಸಲವೂ ದಾರಿಹೋಕರಿಂದ ತಳ್ಳಿಸಿದರು.

ಆರ್‌ಟಿಒ ಕಚೇರಿಯ ಇನ್‌ಸ್ಪೆಕ್ಟರ್ ಸಿದ್ಧಾರ್ಥ ಮೂವತ್ತೈದರ ಆಸುಪಾಸಿನ ಶಾಂತ ಮನುಷ್ಯ. ರಾಮಪ್ರಸಾದರು ಆರು ವರ್ಷದ ಕಥೆಯನ್ನು ಫೋಟೋ ಸಮೇತ ಹೇಳುವಾಗ ಅಡ್ಡ ಬಾಯಿ ಹಾಕದೆ ಕೇಳಿದರು. "ಎಲ್ಲಾ ನಾನೇ ಸಾರ್, ಕೈಯಾರೆ" ಎಂಬಲ್ಲಿಗೆ ಕಥೆ ಮುಗಿಯಿತು. ಇನ್‌ಸ್ಪೆಕ್ಟರ್ ಬಾನೆಟ್ ಎತ್ತಿಸಿ, ತೆಳುವಾದ ಕಾಗದವನ್ನು ಎಂಜಿನ್ನಿನ ಹಿಂದಿನ ತಗಡಿಗೆ ಒತ್ತಿಹಿಡಿದು ಪೆನ್ಸಿಲ್ ಉಜ್ಜಿದರು. ಕಾರ್ಖಾನೆಯಲ್ಲಿ ಅಲ್ಲಿ ಆ ಕಾರಿನದೇ ಗುರುತಿನ ಅಂಕಿಗಳನ್ನು ಕೊರೆದಿರುತ್ತಾರೆ. ಉಜ್ಜಿದರೆ ಕಾಗದದ ಮೇಲೆ ಮೂಡುತ್ತವೆ. ಕಾಗದ ಬರೀ ಕಪ್ಪಾಯಿತು.

"ಚಾಸಿ ನಂಬರ್ ಎಲ್ಲಿ ಸಾರ್?"

"ಮುಂದೆ ಇದೆಯಲ್ಲ, ಹೊಸ ಪ್ಲೇಟ್ ಹಾಕ್ಸಿದೀನಿ."

"ಅದಲ್ಲ. ಈ ತಗಡಿನ ಮೇಲೆ ಪಂಚ್ ಮಾಡಿರ್ತಾರಲ್ಲ, ಅದು."

ರಾಮಪ್ರಸಾದರ ದನಿ ಮೊದಲ ಸಲ ಇಳಿಯಿತು. "ಅದು... ತುಕ್ಕು ಹಿಡಿದಿತ್ತು. ಕಟ್ ಮಾಡಿ ಹೊಸದು ಹಾಕಿದೆ."

"ಕಟ್ ಮಾಡಿದ ಪೀಸು?"

"ಗುಜರಿಗೆ ಹಾಕ್ಬಿಟ್ಟೆ."

ಇನ್‌ಸ್ಪೆಕ್ಟರ್ ಆರ್‌ಸಿ ನೋಡಿದರು, ಎಂಜಿನ್ ನೋಡಿದರು. ಎಂಜಿನ್ನಿನ ನಂಬರೂ ಬೇರೆ. ಆರ್‌ಸಿಯಲ್ಲಿ ಬಣ್ಣ ಬೂದು ಎಂದಿತ್ತು, ಎದುರಿಗೆ ನಿಂತದ್ದು ಕೇಸರಿಬಾತು. "ಹಾಗಾದ್ರೆ ಇದು ಅದೇ ಗಾಡಿ ಅನ್ನೋಕೆ ಇದರಲ್ಲಿ ಏನು ಉಳಿದಿದೆ ಸಾರ್?" ಎಂದು ಕೇಳಿದರು. ಅವರ ದನಿಯಲ್ಲಿ ಕೊಂಕಿರಲಿಲ್ಲ, ನಿಜವಾಗಿ ತಿಳಿಯಲೆಂದೇ ಕೇಳಿದ್ದರು. ಕಾತ್ಯಾಯಿನಿ ಆರು ವರ್ಷ ಎಷ್ಟೋ ವಿಧದಲ್ಲಿ ಕೇಳಲು ಹೋಗಿ ಸೋತ ಪ್ರಶ್ನೆಯನ್ನು ಗುರುತು ಪರಿಚಯವಿಲ್ಲದವರೊಬ್ಬರು ಒಂದೇ ವಾಕ್ಯದಲ್ಲಿ ಕೇಳಿಬಿಟ್ಟಿದ್ದರು.

"ಏನಾದ್ರೂ ದಾರಿ ಇರುತ್ತಲ್ಲ ಸಾರ್," ಅಂದರು ರಾಮಪ್ರಸಾದರು.

ಇನ್‌ಸ್ಪೆಕ್ಟರಿಗೆ ಕನಿಕರ ಬಂತು. "ಇಲ್ಲಿ ಕಾತ್ಯಾಯಿನಿ ಅಂತ ಇದೆ, ಯಾರು?" ಎಂದರು. ರಾಮಪ್ರಸಾದರು ಹೆಬ್ಬೆರಳನ್ನು ಹಿಂದಕ್ಕೆ ತೋರಿಸಿ, ತಮ್ಮ ಹೆಂಡತಿ, ಗಾಡಿ ಅವಳಪ್ಪನದು ಎಂದರು. ಇನ್‌ಸ್ಪೆಕ್ಟರ್ ಅವಳ ಕಡೆ ತಿರುಗಿದರು. "ಮೇಡಂ, ಇದು ನಮ್ಮ ತಂದೆಯವರ ಅದೇ ವಾಹನ, ತುಕ್ಕಿನ ದೆಸೆಯಿಂದ ನಂಬರ್ ಹೋಗಿದೆ ಅಂತ ನೀವು ಬರೆದು ಸೈನ್ ಮಾಡಿಕೊಡಿ. ಮೇಲಿನವರಿಗೆ ಕಳಿಸ್ತೀನಿ. ಒಪ್ಪಿದ್ರೆ ನಂಬರ್ ಮತ್ತೆ ಹಾಕ್ಸೋಕೆ ಪರ್ಮಿಷನ್ ಸಿಗುತ್ತೆ. ಲೇಟಾಗಬಹುದು, ಆದ್ರೆ ನೀವು ಬರೆದುಕೊಡದೇ ಇದ್ರೆ ಈ ಗಾಡಿ ರಸ್ತೆಗೆ ಇಳಿಯೋ ಹಾಗೇ ಇಲ್ಲ."

ಕಾತ್ಯಾಯಿನಿ ಕಾಗದ ತೆಗೆದುಕೊಂಡಳು. ಹೆಸರು, ವಿಳಾಸ ಬರೆದಳು. 'ಮಾನ್ಯರೇ' ಎಂದು ಬರೆದು ಅಲ್ಪವಿರಾಮ ಹಾಕಿದಳು. ಪೆನ್ನು ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ. ತಲೆಯೆತ್ತಿ ಬಿಸಿಲಿನಲ್ಲಿ ಹೊಳೆಯುತ್ತಿದ್ದ ಕಾರನ್ನು ನೋಡಿದಳು. ಹೊತ್ತು ತೆಗೆದುಕೊಂಡೇ ನೋಡಿದಳು, ಎಲ್ಲಾದರೂ ಒಂದು ಕಡೆ ಅಪ್ಪ ಸಿಗಬಹುದೇ ಎಂದು ಪ್ರಾಮಾಣಿಕವಾಗಿ ಹುಡುಕಿದಳು.

"ಬರಿ, ಬರಿ. ಲಂಚ್‌ಗೆ ಎದ್ದುಬಿಡ್ತಾರೆ," ಎಂದು ರಾಮಪ್ರಸಾದರು ಅವಸರ ಮಾಡಿದರು.

ಅವಳು ಪೆನ್ನಿಗೆ ಕ್ಯಾಪು ಹಾಕಿದಳು. "ಬರೆಯೋಕಾಗಲ್ಲ ಸಾರ್. ಇದು ನಮ್ಮಪ್ಪನ ಕಾರಲ್ಲ."

"ಏನ್ ಮಾತಾಡ್ತಿದೀಯ ನೀನು?"

"ನಮ್ಮಪ್ಪನ ಕಾರನ್ನ ನೀವು ಶನಿವಾರ ಶನಿವಾರ ಕೇಜಿ ಲೆಕ್ಕದಲ್ಲಿ ಮಾರಿ ಆಯ್ತು ರೀ. ಇದು ನಿಮ್ದು. ಎಲ್ಲಾ ನೀವೇ ಕೈಯಾರೆ ಮಾಡಿದ್ದು."

"ಆರು ವರ್ಷ ಕಣೇ! ಆರು ವರ್ಷ ಬೆವರು ಸುರಿಸಿದೀನಿ!"

"ಹೌದು. ನಾನೂ ಆರು ವರ್ಷ ಬೇಡ ಬೇಡ ಅಂತ ಹೇಳಿದೀನಿ."

ರಾಮಪ್ರಸಾದರು ಇನ್‌ಸ್ಪೆಕ್ಟರ್ ಕಡೆ ನೋಡಿದರು, ಸುತ್ತ ನಿಂತಿದ್ದವರ ಕಡೆ ನೋಡಿದರು. "ಸಖತ್ ಸಾರ್" ಅನ್ನುವವರು ಅಲ್ಲಿ ಒಬ್ಬರೂ ಇರಲಿಲ್ಲ. ಕಾತ್ಯಾಯಿನಿ ಇನ್‌ಸ್ಪೆಕ್ಟರ ಕೈಯಿಂದ ತನ್ನ ಹೆಸರಿನ ಆರ್‌ಸಿಯನ್ನು ಮೆಲ್ಲಗೆ ತೆಗೆದುಕೊಂಡಳು. ಇದನ್ನು ರದ್ದು ಮಾಡಿಸಲು ಯಾವ ಕೌಂಟರು ಎಂದು ಕೇಳಿದಳು. ಅವರು ತೋರಿಸಿದ ಕಿಟಕಿಯ ಮುಂದೆ ಏಳೆಂಟು ಜನರ ಸಾಲಿತ್ತು. ಅವಳು ಹೋಗಿ ಕೊನೆಯಲ್ಲಿ ನಿಂತಳು.