ಮುಂದಿನ ಹಲಗೆಯ ಭಾರ

ಬುದಿಮಿರ್ ನಲವತ್ತು ವರ್ಷ ನಮ್ಮೂರಿನ ಗಂಡಸರ ತಲೆಕೂದಲು ಕತ್ತರಿಸಿದ. ಮದುವೆಯಾಗಲಿಲ್ಲ. ಮಾತಿಗೇನೂ ಬರವಿರಲಿಲ್ಲ, ಆದರೆ ಆಡಿದ್ದೆಲ್ಲ ಜನರ ಹಿಂದಲೆಯ ಜೊತೆಗೆ. ಎದುರಿಗೆ ಕೂರಿಸಿ ಮಾತಾಡಿಸಿದರೆ ಪಾಪ, ನಾಲಿಗೆ ಒಣಗಿಹೋಗುತ್ತಿತ್ತು. ಅಂಗಡಿ ಮುಚ್ಚಿದ ಮೇಲೆ ಅವನಿಗೆ ಉಳಿದದ್ದು ತೀಸಾ ನದಿ, ಒಂದು ತಗಡಿನ ಮೋಟಾರು ದೋಣಿ ಮತ್ತು ಸ್ರೆತೆನ್‌ನ ಬೆನ್ನು.

ಸ್ರೆತೆನ್ ಸಕ್ಕರೆ ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದವನು. ದೋಣಿಯನ್ನು ಬೆಸೆದದ್ದು ಅವನೇ. ಆಳು ನೂರ ಹತ್ತು ಕಿಲೋ. ಅವನು ರದೋಯ್ಕಾಳನ್ನು ಮದುವೆಯಾದಾಗ ಪಕ್ಕದಲ್ಲಿ ಸಾಕ್ಷಿಯಾಗಿ ನಿಂತವನು ಬುದಿಮಿರ್. ಹಾಗೆ ನಿಂತವನು ನಮ್ಮಲ್ಲಿ ಕೂಮ ಆಗುತ್ತಾನೆ. ಒಡಹುಟ್ಟಿದವನ ಮೇಲೆ ಬೇಕಾದರೆ ಕೋರ್ಟಿಗೆ ಹೋಗಿ, ಯಾರೂ ಏನೂ ಅನ್ನುವುದಿಲ್ಲ. ಕೂಮತನದಲ್ಲಿ ಸುಳ್ಳು ಹೇಳಿದವನ ಮನೆಯ ಹೊಸ್ತಿಲು ಮಾತ್ರ ಯಾರೂ ತುಳಿಯುವುದಿಲ್ಲ.

ಇಬ್ಬರೂ ಇಪ್ಪತ್ತಾರು ಬೇಸಿಗೆ ಆ ದೋಣಿಯಲ್ಲಿ ಓಡಾಡಿದರು. ಮೀನು ಹಿಡಿಯುತ್ತಿರಲಿಲ್ಲ, ಸಾಮಾನು ಸಾಗಿಸುತ್ತಿರಲಿಲ್ಲ. ಮಧ್ಯಾಹ್ನದ ಊಟ ಮುಗಿಸಿ ನದಿಯ ತಿರುವಿನ ತನಕ ಹೋಗುವುದು, ವಾಪಸ್ಸು ಬರುವುದು, ಅಷ್ಟೇ.

"ಎಲ್ಲಿಗೆ ಹೋಗಿದ್ರಿ?" ಅನ್ನುತ್ತಿದ್ದಳು ರದೋಯ್ಕಾ.

"ಮೇಲಕ್ಕೆ."

"ಅಲ್ಲೇನಿದೆ?"

"ನೀರು."

"ಇಲ್ಲೇನು ಹಾಲು ಹರೀತಿದ್ಯಾ?"

ಇಂಥ ದೋಣಿಯಲ್ಲಿ ಮೋಟಾರು ಹಿಂದೆ, ಓಡಿಸುವವನೂ ಹಿಂದೆ. ಒಬ್ಬನೇ ಕೂತು ವೇಗ ಕೊಟ್ಟರೆ ಅದು ಮೂತಿ ಎತ್ತಿಬಿಡುತ್ತದೆ. ಎದುರಿಗೆ ಆಕಾಶ ಬಿಟ್ಟು ಬೇರೇನೂ ಕಾಣುವುದಿಲ್ಲ. ಒಂಟಿಯಾಗಿ ಹೋಗುವವರು ಮುಂದಿನ ಹಲಗೆಯಡಿ ಒಂದು ಮರಳು ಚೀಲ ತುರುಕಿಕೊಳ್ಳುತ್ತಾರೆ. ಬುದಿಮಿರ್‌ಗೆ ಅದರ ಗರಜು ಬಿದ್ದಿರಲಿಲ್ಲ. ಸ್ರೆತೆನ್ ಮುಂದಿನ ಹಲಗೆಯ ಎಡಗಡೆಗೆ, ಬೆನ್ನು ತಿರುಗಿಸಿ ಕೂರುತ್ತಿದ್ದ. ದೋಣಿ ತುಸು ಎಡಕ್ಕೆ ವಾಲಿಕೊಂಡೇ ಸಾಗುತ್ತಿತ್ತು. ಬುದಿಮಿರ್ ಆ ಬೆನ್ನಿಗೆ ಊರಿನ ಸುದ್ದಿಯನ್ನೆಲ್ಲ ಒದರುತ್ತಿದ್ದ. ಮೋಟಾರಿನ ಸದ್ದಿನಲ್ಲಿ ಸ್ರೆತೆನ್‌ಗೆ ಕಾಲುಭಾಗವೂ ಕೇಳಿಸುತ್ತಿರಲಿಲ್ಲ ಅಂತ ನನ್ನ ಅಂದಾಜು.

ಇಪ್ಪತ್ತೇಳನೆಯ ವರ್ಷ ಏಪ್ರಿಲ್‌ನಲ್ಲಿ ನದಿ ಉಕ್ಕಿತು. ತೇಲಿಬರುವ ಕಟ್ಟಿಗೆ ಹಿಡಿಯಲು ಸ್ರೆತೆನ್ ಪಕ್ಕದ ಮನೆಯವರ ಹುಟ್ಟುದೋಣಿ ತೆಗೆದುಕೊಂಡು ಒಬ್ಬನೇ ಹೋದ. ಸಂಜೆ ಹುಟ್ಟುದೋಣಿ ಸಿಕ್ಕಿತು, ಅದರ ತುಂಬ ಕಟ್ಟಿಗೆಯೂ ಇತ್ತು. ಸ್ರೆತೆನ್ ಸಿಗಲಿಲ್ಲ. ಹತ್ತು ದಿನ ಹುಡುಕಿ ಜನ ಕೈಚೆಲ್ಲಿದರು.

ಮೇ ತಿಂಗಳ ಮೊದಲ ವಾರ ಬುದಿಮಿರ್ ತಡೆಯಲಾರದೆ ದೋಣಿ ಇಳಿಸಿದ. ಮರಳು ಚೀಲದ ನೆನಪೇ ಆಗಲಿಲ್ಲ. ನಡುನೀರಿಗೆ ಬಂದು ವೇಗ ಕೊಟ್ಟಮೇಲೆ ನೆನಪಾಗಿ, ಈಗ ಮೂತಿ ಎತ್ತುತ್ತದೆ ಅಂತ ಹಲಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡ.

ಎತ್ತಲಿಲ್ಲ. ದೋಣಿ ಮಟ್ಟಸವಾಗಿ ಸಾಗಿತು, ತುಸು ಎಡಕ್ಕೆ ವಾಲಿಕೊಂಡು.

ಅವನು ಮೋಟಾರು ನಿಲ್ಲಿಸಿ ಮುಂದಕ್ಕೆ ತೆವಳಿಕೊಂಡು ಹೋದ. ಹಲಗೆಯಡಿ ನೀರು ನಿಂತಿರಬಹುದು ಅಂತ ಕೈಯಾಡಿಸಿದ. ತಗಡು ಒಣಗಿತ್ತು. ಹಲಗೆ ಮಾತ್ರ, ಆ ಬಿಸಿಲಿನಲ್ಲಿ, ಎಡಗಡೆಗೆ ಒಂದು ಗೇಣಿನಷ್ಟು ತಣ್ಣಗಿತ್ತು. ಆ ದಿನ ಹೇಗೆ ಮನೆ ಮುಟ್ಟಿದನೋ ಅವನಿಗೇ ಗೊತ್ತಿಲ್ಲ.

ಮರುದಿನ ಮತ್ತೆ ಹೋದ. ಮೂರನೆಯ ದಿನವೂ ಹೋದ. ನಾಲ್ಕನೆಯ ದಿನ ಭಯ ಸ್ವಲ್ಪ ಹಳತಾಗಿತ್ತು. ಮೆಲ್ಲಗೆ ಬಾಯಿ ಬಿಟ್ಟ. "ಅಂಚೆ ಕಚೇರಿಗೆ ಹೊಸಬ ಬಂದಿದ್ದಾನೆ ಕಣೋ, ತಲೇಲಿ ಒಂದ್ ಕೂದಲಿಲ್ಲ," ಅಂದ. ಉತ್ತರ ಬರಲಿಲ್ಲ. ಆದರೆ ಇಪ್ಪತ್ತಾರು ವರ್ಷವೂ ಉತ್ತರ ಬಂದಿರಲಿಲ್ಲವಲ್ಲ! ಆಮೇಲೆ ಅವನು ದಿನಾ ಹೋದ, ದಿನಾ ಮಾತಾಡಿದ. ಹೇಳಲು ನಾಚಿಕೆಯಾಗುತ್ತದೆ, ಆದರೆ ಬುದಿಮಿರ್ ಖುಷಿಯಾಗಿದ್ದ.

ತೇಲುವ ತೆಪ್ಪದ ಮೇಲೆ ಮೀನು ಸಾರು ಬೇಯಿಸಿ ಮಾರುವ ಹಂಗೇರಿಯನ್ ಇಲೋಂಕಾ ಒಂದು ದಿನ ಸೌಟು ಹಿಡಿದೇ ಅವನನ್ನು ತಡೆದಳು.

"ಏನೋ ಬುದಾ, ಇವತ್ತು ಯಾರನ್ನ ಕರ್ಕೊಂಡು ಹೋಗಿದ್ದೆ?"

"ಯಾರೂ ಇಲ್ಲ. ಮರಳು ಚೀಲ."

"ಮರಳು ಚೀಲ ತಿರುವಲ್ಲಿ ಬಗ್ಗುತ್ತಾ?" ಅಂದಳು. "ದೋಣಿ ತಿರುಗೋವಾಗ ಭಾರ ಆ ಕಡೆ ಹೋಯ್ತು, ಆಮೇಲೆ ಈ ಕಡೆ ಬಂತು. ನಾನು ಹುಟ್ಟಿದ್ದೇ ನೀರಿನ ಮೇಲೆ ಕಣೋ, ನಂಗೆ ಕಥೆ ಹೇಳ್ಬೇಡ." ಅವನು ನಕ್ಕ. ಅವಳು ನಗಲಿಲ್ಲ. ಶಿಲುಬೆಯ ಗುರುತು ಹಾಕಿಕೊಂಡು ಒಳಗೆ ಹೋದಳು.

ಸ್ರೆತೆನ್ ಹೋದ ನಲವತ್ತನೆಯ ದಿನ ರದೋಯ್ಕಾ ಬುದಿಮಿರ್‌ನ ಬಾಗಿಲಿಗೆ ಬಂದಳು. ಬಿಳಿಬಟ್ಟೆಯಲ್ಲಿ ಸುತ್ತಿದ ದುಂಡನೆಯ ಬ್ರೆಡ್ಡು ಕಂಕುಳಲ್ಲಿತ್ತು. ಅವಳ ಎರಡು ಕಣ್ಣಿಗೂ ಪೊರೆ ಬಂದಿತ್ತು. ನಾಲ್ಕು ಮಾರಿನ ಆಚೆ ಎಲ್ಲವೂ ಮಂಜು.

"ಕೂಮ, ನನ್ನ ನೀರಿಗೆ ಕರ್ಕೊಂಡು ಹೋಗು," ಅಂದಳು. "ಪಾದ್ರಿಗಳು ಖಾಲಿ ಶವಪೆಟ್ಟಿಗೆಗೂ ಪ್ರಾರ್ಥನೆ ಮಾಡ್ತಾರಂತೆ. ನಂಗೆ ಖಾಲಿ ಪೆಟ್ಟಿಗೆ ಬೇಡ. ಅವನು ಆ ಕೆಸರಲ್ಲಿದ್ದಾನೆ ಅಂದ್ಕೊಂಡು ಹಾಸಿಗೇಲಿ ಮಲಗೋಕಾಗ್ತಿಲ್ಲ. ನೆಲದಲ್ಲಿ ಮಲಗ್ತಿದ್ದೀನಿ."

ಇದು ನಮ್ಮ ಅಜ್ಜಿಯರ ಕಾಲದ ಪದ್ಧತಿ. ಬ್ರೆಡ್ಡಿನ ನಡುವೆ ಮೇಣದ ಬತ್ತಿ ಚುಚ್ಚಿ, ಹಚ್ಚಿ, ನೀರಿಗೆ ಬಿಡುವುದು. ಮುಳುಗಿದವನು ಎಲ್ಲಿದ್ದಾನೋ ಅಲ್ಲಿಗೆ ಹೋಗಿ ಅದು ನಿಲ್ಲುತ್ತದೆ. ನಿಲ್ಲುತ್ತದೋ ಇಲ್ಲವೋ ಅಂತ ನೀವು ನಗಬಹುದು. ತೀಸಾದ ದಡದಲ್ಲಿ ಯಾರೂ ನಗುವುದಿಲ್ಲ.

ಅವಳನ್ನು ನಡುವಿನ ಹಲಗೆಯ ಮೇಲೆ ಕೂರಿಸಿಕೊಂಡು ಬುದಿಮಿರ್ ತಿರುವಿಗೆ ಹೋದ. ದೋಣಿಯ ಮುಂಭಾಗ ನೀರಿಗೆ ಮುತ್ತಿಡುವಷ್ಟು ತಗ್ಗಿತ್ತು. ರದೋಯ್ಕಾ ಬತ್ತಿ ಹಚ್ಚಿ, ಬ್ರೆಡ್ಡನ್ನು ಎರಡೂ ಕೈಯಿಂದ ನೀರಿಗಿಳಿಸಿದಳು. ಮೋಟಾರು ನಿಂತಿತ್ತು. ಗಾಳಿಯಿಲ್ಲ, ಹಕ್ಕಿಯ ಸದ್ದೂ ಇಲ್ಲ. ಬ್ರೆಡ್ಡು ಮೊದಲು ಸೆಳವಿನ ಜೊತೆ ತೇಲಿಕೊಂಡು ಹೋಯಿತು. ಆಮೇಲೆ, ಯಾರೋ ಕರೆದ ಹಾಗೆ, ನಿಧಾನವಾಗಿ ತಿರುಗಿತು. ಸೆಳವನ್ನು ಅಡ್ಡಕ್ಕೆ ದಾಟಿ, ದಡದ ಹಳೆಯ ಮರದ ಬೇರುಗಳ ಬಳಿಯ ನಿಂತ ನೀರಿಗೆ ಹೋಗಿ ನಿಂತುಬಿಟ್ಟಿತು. ಜ್ವಾಲೆ ಅಲುಗಲಿಲ್ಲ.

"ಎಲ್ಲಿ ಹೋಯ್ತು ಕೂಮ?" ಅಂದಳು ರದೋಯ್ಕಾ, ಕಣ್ಣು ಕಿರಿದು ಮಾಡಿಕೊಂಡು. "ನಂಗೆ ಬೆಳಕು ಕಾಣ್ತಿಲ್ಲ. ನೀನು ನೋಡಿ ಹೇಳು."

ಬುದಿಮಿರ್ ಬತ್ತಿಯನ್ನು ನೋಡಿದ. ಆಮೇಲೆ ಖಾಲಿ ಕಾಣುತ್ತಿದ್ದ ಮುಂದಿನ ಹಲಗೆಯನ್ನು ನೋಡಿದ. ಸ್ರೆತೆನ್ ಸಿಕ್ಕಿದರೆ ಹೂಳುತ್ತಾರೆ. ಹೂತರೆ ನಾಳೆಯಿಂದ ಈ ದೋಣಿಯಲ್ಲಿ ನಾನೊಬ್ಬನೇ. ಯೋಚನೆ ಅಷ್ಟೇ ಇದ್ದದ್ದು, ಇದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ.

"ಸೆಳವಲ್ಲಿ ಕೊಚ್ಕೊಂಡು ಹೋಯ್ತು," ಅಂದ. "ಮುಳುಗಿಹೋಯ್ತು ರದೋಯ್ಕಾ. ಎಲ್ಲೂ ನಿಲ್ಲಲಿಲ್ಲ."

ಅವಳು ತಲೆಯ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡಳು. ಅವನು ಮೋಟಾರಿನ ಹಗ್ಗ ಎಳೆದ.

ಮರುದಿನ ಮಧ್ಯಾಹ್ನ ಬುದಿಮಿರ್ ಎಂದಿನಂತೆ ಹೊರಟ. ನಡುನೀರಿನಲ್ಲಿ ದೋಣಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತೂಗಿತು. ದಪ್ಪ ಮನುಷ್ಯ ಕೂತಲ್ಲಿಂದ ಏಳುವಾಗ ದೋಣಿ ಹಾಗೆಯೇ ತೂಗುತ್ತದೆ. ಅದು ಅವನ ಸೊಂಟಕ್ಕೆ ಚೆನ್ನಾಗಿ ಗೊತ್ತಿತ್ತು. ಮುಂಭಾಗ ಒಂದು ಬೆರಳು ಮೇಲೆದ್ದಿತು. ಆಮೇಲೆ ಇನ್ನೊಂದು ಬೆರಳು. ನಡುವಿನ ಹಲಗೆ ಕಿರ್ರೆಂದಿತು.

"ಕೂತ್ಕೊಳೋ," ಅಂದ ಬುದಿಮಿರ್. "ದೋಣಿ ಮಗುಚುತ್ತೆ."

ಭಾರ ನಿಲ್ಲಲಿಲ್ಲ. ಒಂದೊಂದೇ ಹೆಜ್ಜೆಯಾಗಿ ಅವನ ಕಡೆಗೆ ಬಂತು. ಹಿಂಭಾಗ ತಗ್ಗಿ, ಮೋಟಾರಿನ ಪಕ್ಕದಿಂದ ನೀರು ಒಳಗೆ ಇಣುಕಿತು. ಅವನ ಬಲಗಡೆಯ ಜಾಗ ತಣ್ಣಗಾಯಿತು, ಹೊಳೆಯ ತಳದ ಕೆಸರು ವಾಸನೆ ಮೂಗಿಗೆ ಹೊಡೆಯಿತು. ಸ್ರೆತೆನ್ ಬೆನ್ನು ಹಾಕಿ ಕೂತಿರಲಿಲ್ಲ. ಈ ದೋಣಿಯಲ್ಲಿ ಮೊದಲ ಸಲ ಅವನ ಮುಖ ತನ್ನ ಕಡೆಗಿದೆ ಅಂತ ಬುದಿಮಿರ್‌ಗೆ ಅನ್ನಿಸಿತು. ಆ ಕಡೆ ಮುಖ ತಿರುಗಿಸುವ ಧೈರ್ಯ ಅವನಿಗಾಗಲಿಲ್ಲ.

"ನೀನೂ ಹೋದ್ರೆ ನಂಗ್ಯಾರಿದ್ದಾರೋ?" ಅಂತ ಅತ್ತ. ನೀರು ಅವನ ಹಿಮ್ಮಡಿ ಮುಟ್ಟಿತು, ಆಮೇಲೆ ಮೀನಖಂಡ. "ಆಯ್ತು, ಹೇಳ್ತೀನಿ. ಹೇಳ್ತೀನಿ ಕಣೋ, ಬಿಡು!"

ಭಾರ ಸರಿದು ದೋಣಿ ದಡ ಮುಟ್ಟಿದ ಮೇಲೆ ಅವನು ಒದ್ದೆ ಬೂಟಿನಲ್ಲೇ ರದೋಯ್ಕಾಳ ಅಡುಗೆಮನೆಗೆ ಹೋಗಿ ನಿಂತ. ಅವಳು ಗೋಧಿ ಆರಿಸುತ್ತಿದ್ದಳು, ಬೆರಳಿನಿಂದ ತಡವಿ ತಡವಿ.

"ಬತ್ತಿ ಮುಳುಗಲಿಲ್ಲ," ಅಂದ. "ತಿರುವಿನ ಹಳೇ ಮರದ ಬೇರಿನ ಹತ್ರ ನಿಂತಿತ್ತು. ನಾನು ನೋಡ್ದೆ."

ಬೆರಳುಗಳು ನಿಂತವು. "ಮತ್ಯಾಕೆ ಹಾಗಂದೆ?"

"ಅವನು ಸಿಕ್ಬಿಟ್ರೆ ನನ್ ಜೊತೆ ದೋಣೀಲಿ ಯಾರೂ ಇರಲ್ಲ ಅಂತ."

ರದೋಯ್ಕಾ ಗೋಡೆ ಹಿಡಿದುಕೊಂಡು ಎದ್ದು, ಅವನನ್ನು ದಾಟಿ, ಪಕ್ಕದ ಮನೆಯ ಗಂಡಸರನ್ನು ಕರೆಯಲು ಹೋದಳು.

ಮರುದಿನ ಬೆಳಿಗ್ಗೆ ಕೊಕ್ಕೆ ಹಾಕಿದವರಿಗೆ ಬೇರಿನ ಅಡಿಯಲ್ಲೇ ಸ್ರೆತೆನ್ ಸಿಕ್ಕ. ಪೆಟ್ಟಿಗೆ ಖಾಲಿ ಹೋಗಲಿಲ್ಲ. ಆರು ಜನ ಹೊತ್ತರೂ ಹೆಗಲು ಬಗ್ಗಿತು.

ಮಣ್ಣಾದ ಮೇಲೆ ರದೋಯ್ಕಾ, ಸತ್ತವರ ಹೆಸರಲ್ಲಿ ಹಂಚುವ ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿಯ ತಟ್ಟೆ ಹಿಡಿದು ಸಾಲಿನ ಮುಂದೆ ಬಂದಳು. ಒಬ್ಬೊಬ್ಬರಿಗೂ ಒಂದೊಂದು ಚಮಚ. ಇಲೋಂಕಾಗೆ "ತಗೋಳೇ," ಅಂದಳು. ಹೊತ್ತವರಿಗೆ "ತಗೋಳಪ್ಪಾ," ಅಂದಳು. ಬುದಿಮಿರ್‌ನ ಮುಂದೆ ಬಂದು, ಯಾರೆಂದು ತಿಳಿಯಲು ಮುಖವನ್ನು ಹತ್ತಿರ ತಂದು, ನೋಡಿದಳು.

"ತಗೊಳ್ಳಿ ಬುದಿಮಿರ್ ಅವರೇ," ಅಂದಳು. "ದೂರದಿಂದ ಬಂದಿದ್ದೀರಿ."

ಅವನ ಮನೆ ಅವಳ ಮನೆಯಿಂದ ಮೂರನೆಯದು. ಅವನು ಗೋಧಿಯನ್ನು ಬಾಯಿಗೆ ಹಾಕಿಕೊಂಡ. ಅವಳು ಆಗಲೇ ಪಕ್ಕದವನ ಹೆಸರು ಹಿಡಿದು ಕರೆಯುತ್ತಿದ್ದಳು.