ಅತ್ತಿಗೆ ತೆಗೆದ ವಿಡಿಯೋ

ನನ್ನ ಗಂಡನ ಅಕ್ಕನ ಮನೆ ದೇಲಂಪಾಡಿಯಲ್ಲಿ. ಅವರ ಹೊಸ ಮನೆಯ ಒಕ್ಕಲಿಗೆ, ಗೃಹಪ್ರವೇಶಕ್ಕೆ, ಹೋಗಿದ್ದಾಗ ನನ್ನ ಮಗಳು ಊಟ ಮುಗಿಸಿದವಳೇ ಚಾವಡಿಯ ಚಾಪೆಯಲ್ಲಿ ಮಲಗಿ ಗೊರಕೆ ಶುರುಮಾಡಿದಳು. ಆಗಿನ್ನೂ ಒಂದನೇ ಕ್ಲಾಸು. ಅತ್ತಿಗೆ ಅದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ ಕುಟುಂಬದ ಗ್ರೂಪಿಗೆ ಹಾಕಿದರು. ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕರು.

"ಎಂತದು ಮಾರಾಯ್ತಿ, ಮಗಳ ಹೊಟ್ಟೆಯಲ್ಲಿ ಮಿಲ್ಲು ಉಂಟಾ?" ಎಂದು ಅತ್ತಿಗೆ ಎಲ್ಲರೆದುರು ಕೇಳಿದ್ದರು. ನಾನು ತಲೆ ತಗ್ಗಿಸಿ ಎಲೆ ತೆಗೆದೆ.

ಮಗಳು ಶಾಲೆಯಲ್ಲಿ ತೂಕಡಿಸುತ್ತಿದ್ದಳು. ಬೆಳಿಗ್ಗೆ ಎದ್ದರೆ ತಲೆನೋವು, ಕಾರಣವಿಲ್ಲದ ಸಿಟ್ಟು. ಕೊನೆಗೆ ಮಂಗಳೂರಿನ ಕಿವಿ-ಮೂಗು-ಗಂಟಲಿನ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆ. ಅವರು ಬಾಯಿ ತೆರೆಸಿ ನೋಡಿ, "ಮಲಗಿದಾಗಿನ ವಿಡಿಯೋ ಉಂಟಾ?" ಎಂದರು. ನನ್ನಲ್ಲಿದ್ದದ್ದು ಅದೊಂದೇ.

ಡಾಕ್ಟರು ನಗಲಿಲ್ಲ. "ಇಲ್ಲಿ ಗೊರಕೆ ನಿಂತಿತಲ್ಲ, ಆಗ ಉಸಿರು ಒಳಗೆ ಹೋಗ್ತಾ ಇಲ್ಲ. ಪಕ್ಕೆಲುಬಿನ ಹತ್ತಿರ ನೋಡಿ, ಹೇಗೆ ಒಳಗೆ ಸೆಳೀತಾ ಉಂಟು" ಎಂದರು. ಅದೇ ಹೊತ್ತಿಗೆ ವಿಡಿಯೋದಲ್ಲಿ ಅತ್ತಿಗೆಯ ಸ್ವರ: "ಗಾಡಿ ಆಫ್ ಆಯ್ತು." ಸುತ್ತ ನಗು. ಮಗಳು ಏದುಸಿರು ಬಿಟ್ಟು ಒದ್ದಾಡಿದಾಗ, "ಹಾಂ, ಪುನಃ ಸ್ಟಾರ್ಟ್." ಮತ್ತೆ ನಗು.

ನಿದ್ದೆಯ ಪರೀಕ್ಷೆಯೂ ಅದನ್ನೇ ಹೇಳಿತು. ಟಾನ್ಸಿಲ್, ಮೂಗಿನ ಹಿಂದಿನ ಅಡಿನಾಯ್ಡ್ ಎರಡೂ ಊದಿ ಉಸಿರಿನ ದಾರಿಗೆ ಅಡ್ಡವಾಗಿದ್ದವು. ಆಪರೇಷನ್ ಮಾಡಿ ತೆಗೆದರು. ಅವಳು ಎಂಜಲು ನುಂಗಲೂ ಅಳುತ್ತಿದ್ದಳು. ತಣ್ಣನೆಯ ಗಂಜಿ ಚಮಚದಲ್ಲಿ ಕೊಡುವಾಗೆಲ್ಲ ನನ್ನ ಕಿವಿಯಲ್ಲಿ ಆ ನಗುವೇ. ಇದನ್ನು ಹಾಗೆ ಬಿಡುವುದಿಲ್ಲ ಎಂದು ಆಗಲೇ ನಿಶ್ಚಯಿಸಿದೆ.

ಗಂಟಲು ಮಾಗಿದ ಮೇಲೆ, ಮಗಳ ಹುಟ್ಟುಹಬ್ಬದ ನೆಪದಲ್ಲಿ ಅಂದು ನಕ್ಕವರನ್ನೆಲ್ಲ ಮೀಂಜದ ನಮ್ಮ ಮನೆಗೆ ಕರೆದೆ. ಮಕ್ಕಳು ಅಂಗಳದಲ್ಲಿ ಆಡುತ್ತಿದ್ದಾಗ ಒಳಗೆ ಟಿವಿಗೆ ಆ ವಿಡಿಯೋ ಹಾಕಿ, ಸೌಂಡು ಪೂರ್ತಿ ಏರಿಸಿದೆ. ಗೊರಕೆ ನಿಂತಲ್ಲೆಲ್ಲ ನಿಲ್ಲಿಸಿ, "ಇಲ್ಲಿ ಉಸಿರಿಲ್ಲ. ಇದು ನಿಮ್ಮ ನಗು" ಎಂದೆ.

"ನಂಗೆ ಗೊತ್ತಿರ್ಲಿಲ್ಲ ಮಾರಾಯ್ತಿ" ಎಂದರು ಅತ್ತಿಗೆ.

"ನಂಗೂ ಗೊತ್ತಿರ್ಲಿಲ್ಲ ಅತ್ತಿಗೆ. ಆದ್ರೆ ನಾನು ನಗಲಿಲ್ಲ."

"ಸಾಕು, ಆಫ್ ಮಾಡು" ಎಂದರು ಗಂಡ. ನಾನು ಮೊದಲಿನಿಂದ ಹಾಕಿದೆ.

ಅತ್ತಿಗೆ ಪಾಯಸ ಮುಟ್ಟದೆ ಎದ್ದು ಹೋದರು. ಮಗಳು "ಅತ್ತೇ" ಎನ್ನುತ್ತ ಗೇಟಿನವರೆಗೆ ಓಡಿದಳು. ಅವಳಿಗೆ ಅವರೆಂದರೆ ಜೀವ. ಅತ್ತಿಗೆಯ ಪಾಲಿನ ಪಾಯಸವನ್ನೂ ನಾನೇ ಕುಡಿದೆ. ಅಷ್ಟು ರುಚಿಯ ಪಾಯಸ ನಾನು ಮತ್ತೆ ಮಾಡಿಲ್ಲ.

ಈಗ ಮಗಳು ಬಾಯಿ ಮುಚ್ಚಿ ನಿದ್ರಿಸುತ್ತಾಳೆ, ಕ್ಲಾಸಿನಲ್ಲಿ ತೂಕಡಿಸುವುದಿಲ್ಲ. ಅತ್ತಿಗೆ ಆಗಾಗ ಫೋನ್ ಮಾಡಿ, "ಮಗುವಿಗೆ ಒಮ್ಮೆ ಕೊಡ್ತೀಯಾ?" ಎಂದು ಮೆತ್ತಗೆ ಕೇಳುತ್ತಾರೆ. ಕ್ಷಮಿಸಿಬಿಡು ಎಂದು ಗಂಡ ಹೇಳಿ ಹೇಳಿ ಸೋತಿದ್ದಾರೆ. ಮಗಳು ನನ್ನ ಪಕ್ಕದಲ್ಲೇ ಕುಳಿತು ಚಿತ್ರ ಬಿಡಿಸುತ್ತಿದ್ದರೂ, "ಮಲಗಿದ್ದಾಳೆ ಅತ್ತಿಗೆ" ಎಂದು ಫೋನ್ ಇಡುತ್ತೇನೆ.